ಕೊನೇ ಮೂರು ದಿನ ಏನ್ ಮಾಡ್ಲಿ? ಒಬ್ಬರೇ ತಿರುಗೋ ಓದುಗರ ಪ್ರಶ್ನೆಗಳು

ಹೋದ ಸಂಚಿಕೇಲಿ ಒಬ್ಬರೇ ವಿದೇಶಕ್ಕೆ ಹೋಗೋದರ ಬಗ್ಗೆ ಬರೆದಿದ್ದೆ, ಅದಕ್ಕೆ ಬಂದ ಪತ್ರಗಳಲ್ಲಿ ವೀಸಾ ಟಿಕೆಟ್ ಅಂತ ಕೇಳಿದವರಿಗಿಂತ ಕೊನೇ ದಿನಗಳ ಬಗ್ಗೆ ಕೇಳಿದವರೇ ಜಾಸ್ತಿ. ನನಗೆ ಖುಷಿ ಆಯ್ತು, ಯಾಕಂದ್ರೆ ಹೊರಡೋಕೆ ಮುಂಚೆ ಎಲ್ಲರೂ ಸಲಹೆ ಕೊಡ್ತಾರೆ, ಊರು ಬಿಡೋ ಹೊತ್ತಲ್ಲಿ ಏನ್ ಮಾಡ್ಬೇಕು ಅಂತ ಯಾರೂ ಹೇಳಲ್ಲ, ಜೊತೇಲಿ ಇನ್ನೊಬ್ರು ಇಲ್ಲದಿದ್ದಾಗ ಆ ದಿನಗಳೇ ಎಲ್ಲಕ್ಕಿಂತ ಕಷ್ಟ. ನಾಲ್ಕು ಪತ್ರ ಆರಿಸ್ಕೊಂಡಿದೀನಿ. ಹೆಸರು ಹಾಕಬೇಡಿ ಅಂದವರೇ ಹೆಚ್ಚಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾನು ಡೊಂಬಿವಲಿಯಲ್ಲಿರೋ ರಿಟೈರ್ಡ್ ಟೀಚರ್, ಊರು ಕುಂದಾಪುರದ ಹತ್ರ. ಅಕ್ಟೋಬರ್ ಕೊನೆಗೆ ಪೋರ್ಚುಗಲ್‌ನ ಲಿಸ್ಬನ್‌ಗೆ ಒಬ್ಬಳೇ ಹೋಗ್ತಿದೀನಿ, ನವೆಂಬರ್ 3ಕ್ಕೆ ರಾತ್ರಿ ವಾಪಸ್ ಫ್ಲೈಟು. ಒಬ್ಬ ಅಜ್ಜಿ ಮನೇಲಿ ರೂಮ್ ತಗೊಂಡಿದೀನಿ. ಬೆಲೇಂ, ಸಿಂತ್ರಾ ಎಲ್ಲ ಮೊದಲ ವಾರದಲ್ಲೇ ಆಗೋಗತ್ತೆ, ಕೊನೇ ಮೂರು ದಿನ ಖಾಲಿ ಉಳಿದಿದೆ. ಮಗಳು ಪೋರ್ತೊ ನೋಡ್ಕೊಂಡು ಬಾ ಅಮ್ಮ ಅಂತಾಳೆ, ಅಳಿಯ ಸ್ಪೇನ್‌ಗೇ ಹೋಗ್ಬನ್ನಿ ಅಂತಾರೆ, ಅಷ್ಟು ದುಡ್ಡು ಹಾಕಿ ಹೋಗಿ ಸುಮ್ನೆ ಕೂರೋದಾ ಅಂತ. ನಾನು ಸಸ್ಯಾಹಾರಿ, ಮೊಟ್ಟೆ ಹಾಕಿದ ಕೇಕು ಗೀಕು ನಡೆಯತ್ತೆ. ಮೊಣಕಾಲು ಸ್ವಲ್ಪ ತೊಂದ್ರೆ. ಏನ್ ಮಾಡ್ಲಿ?

ಉತ್ತರ: ಟೀಚರ್, ಎಲ್ಲೂ ಹೋಗ್ಬೇಡಿ, ಲಿಸ್ಬನ್‌ನಲ್ಲೇ ಇರಿ. ಪೋರ್ತೊ ಚೆನ್ನಾಗಿಲ್ಲ ಅಂತಲ್ಲ, ತುಂಬಾ ಚೆನ್ನಾಗಿದೆ, ಅದಕ್ಕೇ ಹೇಳ್ತಿರೋದು, ಅದಕ್ಕೆ ಇನ್ನೊಂದು ಸಲ ಬೇರೆ ಟೈಮ್ ಕೊಡಿ. ರೈಲಲ್ಲಿ ಹೋಗೋಕೇ ಸುಮಾರು ಮೂರು ಗಂಟೆ, ವಾಪಸ್ ಮೂರು ಗಂಟೆ, ಬ್ಯಾಗು ಎಳ್ಕೊಂಡು ಸ್ಟೇಷನ್ ಮೆಟ್ಟಿಲು, ಹೊಸ ರೂಮು, ಹೊಸ ಚಾವಿ, ಮೂರು ದಿನದಲ್ಲಿ ಒಂದೂವರೆ ದಿನ ಇದಕ್ಕೇ ಹೋಗತ್ತೆ. ಅಲ್ಲಿ ರೈಲು ಮುಷ್ಕರ ಬೇರೆ ಆಗಾಗ ಆಗ್ತಿರತ್ತೆ, ಫ್ಲೈಟಿನ ಹಿಂದಿನ ದಿನ ರೈಲಿಲ್ಲ ಅಂದ್ರೆ ಒಬ್ಬರೇ ಏನ್ ಮಾಡ್ತೀರಿ? ಇಬ್ಬರಿದ್ರೆ ಒಬ್ರು ಬ್ಯಾಗ್ ಕಾಯ್ತಾರೆ ಇನ್ನೊಬ್ರು ಓಡಾಡ್ತಾರೆ, ಒಬ್ಬರೇ ಇದ್ದಾಗ ಎಲ್ಲಾನೂ ನಾವೇ, ಹಾಗಾಗಿ ಕೊನೇ ದಿನಗಳಲ್ಲಿ ಹೊಸದೇನೂ ಸೇರಿಸ್ಕೋಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇದರಲ್ಲಿ ನಿಮ್ಮ ಮಗಳು ಅಳಿಯ ಇಬ್ಬರ ಮಾತೂ ಕೇಳ್ಬೇಡಿ.

ಹಾಗಂತ ಸುಮ್ನೆ ಕೂರೋದಲ್ಲ. ಒಂದು ಸಲ ನೋಡಿದ ಜಾಗಕ್ಕೆ ಇನ್ನೊಂದು ಸಲ ಹೋಗಿ. ಮೊದಲ ವಾರ ನಾವು ಮ್ಯಾಪು ನೋಡ್ಕೊಂಡು ದಾರಿ ಹುಡುಕ್ತಾ ಇರ್ತೀವಿ, ಕಣ್ಣು ಫೋನಲ್ಲಿರತ್ತೆ, ಊರು ಕಾಣೋದೇ ಎರಡನೇ ಸಲ. ಅಷ್ಟೊತ್ತಿಗೆ ಮೂಲೆ ಕೆಫೆಯವನಿಗೆ ನಿಮ್ಮ ಮುಖ ಗೊತ್ತಾಗಿರತ್ತೆ, ಬಿಕಾ ಅಂದ್ರೆ ಸಣ್ಣ ಕಪ್ಪಿನ ಕಾಫಿ ಬರತ್ತೆ ಅಂತ ನಿಮಗೂ ಗೊತ್ತಾಗಿರತ್ತೆ, ಅವನು ಕೇಳೋಕೆ ಮುಂಚೆನೇ ತಂದಿಡ್ತಾನೆ. ಇದೇ ಒಬ್ಬರೇ ಹೋದವರ ಸಂಪಾದನೆ. ಗುಂಪಲ್ಲಿ ಹೋದವರನ್ನ ಯಾವ ಕೆಫೆಯವನೂ ನೆನಪಿಟ್ಕೊಳಲ್ಲ.

ಮೊದಲು ಕ್ಯಾಲೆಂಡರ್ ನೋಡಿ. ನವೆಂಬರ್ 1 ನಮಗೆ ರಾಜ್ಯೋತ್ಸವ, ಅಲ್ಲಿ ಎಲ್ಲ ಸಂತರ ಹಬ್ಬ, ಸರಕಾರಿ ರಜೆ, ಸುಮಾರು ಅಂಗಡಿ ಮುಚ್ಚಿರತ್ತೆ. ಹಾಗಾಗಿ ಶಾಪಿಂಗು, ಪೋಸ್ಟ್ ಆಫೀಸು, ಏನೇ ಇದ್ರೂ ಅಕ್ಟೋಬರ್ 31ರ ಸಂಜೆ ಒಳಗೆ ಮುಗಿಸಿ. ಇನ್ನೊಂದು, ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗತ್ತೆ, ಅಲ್ಲಿವರೆಗೂ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಆಮೇಲೆ ಐದೂವರೆ. ಮೊಬೈಲು ತಾನೇ ಸರಿ ಮಾಡ್ಕೊಳತ್ತೆ, ನಿಮ್ಮ ಕೈಗಡಿಯಾರ ಮಾಡ್ಕೊಳಲ್ಲ. ಮಗಳಿಗೆ ಫೋನ್ ಮಾಡೋ ಹೊತ್ತೂ ಬದಲಾಗತ್ತೆ, ಮುಂಚೆನೇ ಹೇಳಿಟ್ಬಿಡಿ, ಇಲ್ಲಾಂದ್ರೆ ಇಲ್ಲಿ ಗಾಬರಿ ಆಗ್ತಾರೆ.

ಆ ನವೆಂಬರ್ 1ರ ಬಗ್ಗೆ ಸ್ವಲ್ಪ ಹೇಳ್ಲೇಬೇಕು. 1755ರಲ್ಲಿ ಇದೇ ದಿನ ಬೆಳಿಗ್ಗೆ, ಜನ ಎಲ್ಲ ಹಬ್ಬದ ಪೂಜೆಗೆ ಚರ್ಚುಗಳಲ್ಲಿ ತುಂಬಿದ್ದಾಗ ಲಿಸ್ಬನ್‌ನಲ್ಲಿ ಭಾರೀ ಭೂಕಂಪ ಆಯ್ತು. ಹಚ್ಚಿಟ್ಟ ಮೇಣದ ಬತ್ತಿ ಬಿದ್ದು ಬೆಂಕಿ, ತಪ್ಪಿಸ್ಕೊಂಡು ನದಿ ದಂಡೆಗೆ ಓಡಿದವರ ಮೇಲೆ ಸುನಾಮಿ. ಬೆಂಕಿ ದಿನಗಟ್ಟಲೆ ಉರೀತು. ಆಮೇಲೆ ಮಂತ್ರಿ ಪೊಂಬಾಲ್ ಇಡೀ ಕೆಳಗಿನ ಪೇಟೇನ, ಅಂದ್ರೆ ಬೈಶಾನ, ನೆಟ್ಟಗಿನ ಬೀದಿಗಳಾಗಿ ಹೊಸದಾಗಿ ಕಟ್ಟಿಸಿದ. ನೀವು ಬೈಶಾದಲ್ಲಿ ನಡೆಯುವಾಗ ಬೀದಿಗಳು ಯಾಕೆ ಇಷ್ಟು ನೇರ, ಪಕ್ಕದ ಅಲ್ಫಾಮಾ ಯಾಕೆ ಅಷ್ಟು ಸಂದಿಗೊಂದಿ ಅಂತ ಅನಿಸಿದ್ರೆ ಕಾರಣ ಇದೇ. ಕಾರ್ಮೊ ಅನ್ನೋ ಮಠದ ಚರ್ಚಿನ ಮಾಡು ಅವತ್ತು ಬಿತ್ತು, ಅದನ್ನ ಮತ್ತೆ ಪೂರ್ತಿ ಕಟ್ಟಲೇ ಇಲ್ಲ, ಇವತ್ತಿಗೂ ಕಮಾನುಗಳ ಮಧ್ಯೆ ಆಕಾಶ ಕಾಣತ್ತೆ. ಒಳಗೆ ಮ್ಯೂಸಿಯಂ ಇದೆ, ಭಾನುವಾರ ಬಾಗಿಲು ಹಾಕಿರತ್ತೆ, ದಿನ ನೋಡ್ಕೊಂಡು ಹೋಗಿ. ಅದರ ಎದುರಿನ ಚೌಕದಲ್ಲಿ ಮರದ ಕೆಳಗೆ ಕೂತ್ಕೊಳ್ಳಿ, ಅದೂ ಒಂದು ದೊಡ್ಡ ಜಾಗ. 1974ರ ಏಪ್ರಿಲ್ 25ರಂದು ಅಲ್ಲಿನ ಸರ್ವಾಧಿಕಾರದ ಸರಕಾರ ಶರಣಾಗಿದ್ದು ಇದೇ ಚೌಕದ ಬ್ಯಾರಕ್‌ನಲ್ಲಿ. ನಮ್ಮ ಸೈನ್ಯ ಗೋವಾ ಬಿಡಿಸಿಕೊಂಡಿದ್ದು 1961ರ ಡಿಸೆಂಬರ್ 19ಕ್ಕೆ, ಆದ್ರೆ ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿಕೊಂಡಿದ್ದು ಆ ಸರಕಾರ ಬಿದ್ದ ಮೇಲೇನೇ.

ಈಗ ನಾನು ನಿಮಗೆ ಹೇಳ್ಲೇಬೇಕು ಅಂತಿರೋ ಜಾಗ. ಸಾವ್ ವಿಸೆಂತೆ ದೆ ಫೋರಾ ಅಂತ ಒಂದು ದೊಡ್ಡ ಬಿಳೀ ಮಠ ಇದೆ, ಅಲ್ಫಾಮಾದ ಮೇಲ್ಗಡೆ. ಅದರೊಳಗೆ ಪೋರ್ಚುಗಲ್‌ನ ಬ್ರಗಾಂಸಾ ರಾಜಮನೆತನದವರ ಸಮಾಧಿ ಇದೆ, ಅದರಲ್ಲಿ ಕ್ಯಾಥರೀನ್ ಕೂಡ ಇದಾಳೆ. ಯಾರು ಅಂತೀರಾ? ನಮ್ಮ ಬೊಂಬಾಯಿಯನ್ನ ವರದಕ್ಷಿಣೆಯಾಗಿ ತಗೊಂಡು ಹೋದ ಹುಡುಗಿ. 1661ರ ಮದುವೆ ಒಪ್ಪಂದದಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ದುಡ್ಡಿನ ಜೊತೆ ಟಾಂಜಿಯರ್ ಮತ್ತು ಬೊಂಬಾಯಿ ಬರ್ಕೊಟ್ರು, 1665ರಲ್ಲಿ ಇಂಗ್ಲಿಷರ ಕೈಗೆ ದ್ವೀಪ ಬಂತು, 1668ರಲ್ಲಿ ರಾಜ ಅದನ್ನ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಬಿಟ್ಟ. ವಸಾಯಿ ಪೋರ್ಚುಗೀಸರ ಹತ್ರಾನೇ ಉಳೀತು, ಮರಾಠರ ಸೇನಾಪತಿ ಚಿಮಾಜಿ ಅಪ್ಪಾ ಅಲ್ಲಿನ ಕೋಟೆ ಗೆಲ್ಲೋವರೆಗೂ, ಅದು 1739. ಕ್ಯಾಥರೀನ್ ಬೊಂಬಾಯಿನ ಒಂದು ಸಲಾನೂ ನೋಡ್ಲಿಲ್ಲ. ಭಾಷೆ ಬೇರೆ, ಧರ್ಮದ ಪಂಗಡ ಬೇರೆ, ಆ ಪರದೇಶದಲ್ಲಿ ಸುಮಾರು ಮೂವತ್ತು ವರ್ಷ ಇದ್ದು, ಗಂಡ ತೀರಿಕೊಂಡ ಮೇಲೆ ಲಿಸ್ಬನ್‌ಗೇ ವಾಪಸ್ ಬಂದು 1705ರಲ್ಲಿ ಸತ್ಲು. ಡೊಂಬಿವಲಿಯಿಂದ ಹೋದ ಒಬ್ಬ ಹೆಂಗಸು ಅವಳ ಮುಂದೆ ಎರಡು ನಿಮಿಷ ನಿಲ್ಲೋದ್ರಲ್ಲಿ ಅರ್ಥ ಇದೆ ಅಂತ ನನಗೆ ನಿಜವಾಗಿ ಅನಿಸತ್ತೆ. ಬೆಲೇಂನ ಜೆರೋನಿಮೊಸ್‌ನಲ್ಲಿ ವಾಸ್ಕೊ ಡ ಗಾಮನ ಸಮಾಧಿ ನೋಡೋಕೆ ಎಲ್ಲರೂ ಕ್ಯೂ ನಿಲ್ತಾರೆ, ನೀವೂ ಮೊದಲ ವಾರ ನಿಂತಿರ್ತೀರಿ (ಸೋಮವಾರ ರಜೆ, ನೆನಪಿರಲಿ), ಇಲ್ಲಿ ಆ ರಶ್ ಇರಲ್ಲ. ಅದೇ ಮಠದಲ್ಲಿ ಪ್ರಾಣಿಗಳ ನೀತಿಕಥೆಗಳನ್ನ ಗೋಡೆಯ ನೀಲಿ ಬಿಳಿ ಹೆಂಚುಗಳ ಮೇಲೆ ಚಿತ್ರವಾಗಿ ಬರೆದಿದಾರೆ, ಪಾಠ ಮಾಡಿದ ನಿಮಗೆ ಯಾವ ಕಥೆ ಯಾವುದು ಅಂತ ಗುರ್ತು ಹಿಡಿಯೋದೇ ಒಂದು ಖುಷಿ. ಮೇಲೆ ತಾರಸಿಗೆ ಹೋದ್ರೆ ತೇಜೊ ನದಿ ಪೂರ್ತಿ ಕಾಣತ್ತೆ.

ಮಠದ ಹಿಂದೇನೇ ಫೈರಾ ದಾ ಲಾದ್ರಾ ಅನ್ನೋ ಹಳೇ ಸಾಮಾನಿನ ಸಂತೆ, ಮಂಗಳವಾರ ಮತ್ತೆ ಶನಿವಾರ ಮಾತ್ರ. ಎರಡೂ ಒಂದೇ ದಿನ ಬರೋ ಹಾಗೆ ಇಟ್ಕೊಳ್ಳಿ. ಆದ್ರೆ ಒಂದು ಮಾತು, ಹಳೇ ಹೆಂಚು ಅಂತ ಬಿಡಿ ಬಿಡಿ ಮಾರ್ತಿರ್ತಾರೆ, ದಯವಿಟ್ಟು ತಗೋಬೇಡಿ. ಹಳೇ ಮನೆಗಳ ಗೋಡೆಯಿಂದ ಕಿತ್ತು ಕದ್ದು ಮಾರೋದು ಆ ಊರಿನ ದೊಡ್ಡ ಸಮಸ್ಯೆ, ನಾವು ತಗೊಂಡಷ್ಟೂ ಗೋಡೆಗಳು ಬೋಳಾಗ್ತವೆ. ಹೊಸದಾಗಿ ಮಾಡಿದ ಹೆಂಚು ಅಂಗಡೀಲಿ ಸಿಗತ್ತೆ, ಅದನ್ನೇ ತಗೊಳ್ಳಿ, ಭಾರ ಜಾಸ್ತಿ ಅನ್ನೋದು ಗೊತ್ತಿರ್ಲಿ. ಕಾರ್ಕ್‌ನಿಂದ ಮಾಡಿದ ಪರ್ಸು, ಚೀಲ ಹಗುರ, ಜಗತ್ತಲ್ಲಿ ಅತಿ ಹೆಚ್ಚು ಕಾರ್ಕ್ ಬೆಳೆಯೋ ದೇಶ ಅದು, ಹಾಗಾಗಿ ಉಡುಗೊರೆಗೆ ಅದೇ ಸರಿ.

ಮೊಣಕಾಲಿನ ವಿಷಯ. ಊರು ಪೂರ್ತಿ ಗುಡ್ಡ, ಫುಟ್‌ಪಾತ್‌ಗೆ ಹಾಸಿರೋದು ಸಣ್ಣ ಸಣ್ಣ ಸುಣ್ಣಕಲ್ಲು, ನವೆಂಬರ್‌ನಲ್ಲಿ ಮಳೆ ಇರತ್ತೆ, ಒದ್ದೆ ಆದ್ರೆ ಆ ಕಲ್ಲು ಜಾರತ್ತೆ. ಚಪ್ಪಲಿ ಬೇಡ್ವೇ ಬೇಡ, ರಬ್ಬರ್ ಅಡಿ ಇರೋ ಶೂ. ಬೈಶಾದಿಂದ ಕೋಟೆ ಗುಡ್ಡದ ಕಡೆ ಹತ್ತೋಕೆ ಸಾರ್ವಜನಿಕರಿಗೆ ಅಂತ ಪುಕ್ಕಟೆ ಲಿಫ್ಟ್ ಇದೆ, ಮನೆ ಅಜ್ಜಿ ಹತ್ರ ಕೇಳಿದ್ರೆ ತೋರಿಸ್ತಾರೆ. 28ನೇ ನಂಬರ್ ಟ್ರಾಮು ಹತ್ತೋದಾದ್ರೆ ಬೆಳಿಗ್ಗೆ ಬೇಗ ಮಾರ್ತಿಂ ಮೊನಿಸ್‌ನಿಂದ, ಹೊರಡೋ ಜಾಗ ಆದ್ರಿಂದ ಸೀಟು ಸಿಗತ್ತೆ. ಜೇಬುಗಳ್ಳರಿಗೆ ಆ ಟ್ರಾಮು ಹೆಸರುವಾಸಿ, ಆರೂ ನಲವತ್ತರ ಲೋಕಲ್‌ನಲ್ಲಿ ಬ್ಯಾಗ್ ಹೇಗೆ ಎದೆಗೆ ಅವಚಿಕೊಂಡು ನಿಲ್ತೀರೋ ಹಾಗೇ ಕೂತ್ಕೊಳ್ಳಿ ಅಷ್ಟೇ.

ಹತ್ತೋದು ಇಳಿಯೋದು ಸಾಕಾಯ್ತು ಅನ್ನೋ ಮಧ್ಯಾಹ್ನ ಕೈಸ್ ದೊ ಸೊದ್ರೆಯಿಂದ ಕಾಸಿಲ್ಯಾಸ್‌ಗೆ ಬೋಟು ಹತ್ತಿ, ಹತ್ತು ನಿಮಿಷದ ದಾರಿ, ಮೆಟ್ರೋಗೆ ಮಾಡಿಸಿದ ಕಾರ್ಡಿಗೆ ದುಡ್ಡು ತುಂಬಿದ್ರೆ ಅದರಲ್ಲೇ ನಡೆಯತ್ತೆ. ಆ ದಡದಿಂದ ನೋಡಿದ್ರೇನೇ ಲಿಸ್ಬನ್ ಪೂರ್ತಿ ಕಾಣೋದು, ಊರೊಳಗಿದ್ದಾಗ ತುಂಡು ತುಂಡು. ನೀವು ಅಷ್ಟು ದಿನ ನಡೆದ ಬೀದಿಗಳನ್ನೆಲ್ಲ ಅಲ್ಲಿ ನಿಂತು ಒಂದೊಂದಾಗಿ ಗುರ್ತು ಹಿಡೀಬಹುದು, ಅದಕ್ಕೇ ಇದನ್ನ ಕೊನೆಗೆ ಇಟ್ಕೊಳ್ಳಿ ಅಂದಿದ್ದು, ಮೊದಲ ದಿನ ಹೋದ್ರೆ ಬರೀ ಫೋಟೊ.

ಊಟಕ್ಕೆ: ಹೋಟ್ಲಲ್ಲಿ ಕೂತ ತಕ್ಷಣ ಬ್ರೆಡ್ಡು, ಆಲಿವ್, ಚೀಸು ತಂದಿಡ್ತಾರೆ, ಅದು ಪುಕ್ಕಟೆ ಅಲ್ಲ, ತಿಂದ್ರೆ ಬಿಲ್ ಬರತ್ತೆ, ಬೇಡ ಅಂದ್ರೆ ಬೇಸರ ಮಾಡ್ಕೊಳಲ್ಲ. ಕಾಲ್ದೊ ವೆರ್ದೆ ಅನ್ನೋ ಹಸಿರು ಸೊಪ್ಪಿನ ಸೂಪು ನೋಡೋಕೆ ನಮ್ಮದೇ ಅನಿಸತ್ತೆ, ಅದರಲ್ಲಿ ಹಂದಿ ಮಾಂಸದ ತುಂಡು ಹಾಕೋದು ರೂಢಿ, ಕೇಳದೆ ತಿನ್ಬೇಡಿ, ಬರೀ ತರಕಾರಿ ಸೂಪು ಬೇರೆ ಇರತ್ತೆ. ಕೆಫೆಗಳಲ್ಲಿ ಶಮೂಸಾ ಕಂಡ್ರೆ ಅದು ನಮ್ಮ ಸಮೋಸಾನೇ, ಗೋವಾದವರ ದಾರೀಲಿ ಹೋಗಿದ್ದು, ಆದ್ರೆ ಒಳಗೆ ಮಾಂಸ ಇರೋದೇ ಜಾಸ್ತಿ. ನವೆಂಬರ್ ಅಂದ್ರೆ ಬೀದೀಲಿ ಚೆಸ್ಟ್‌ನಟ್ ಸುಡ್ತಿರ್ತಾರೆ, ಹೊಗೆ ವಾಸನೇನೇ ದಾರಿ ತೋರಿಸತ್ತೆ, ಬಿಸಿ ಬಿಸಿ ತಿನ್ನಿ. ಅನ್ನ ಸಾರು ನೆನಪಾಗಿ ತಡೀಲಿಕ್ಕೇ ಆಗ್ಲಿಲ್ಲ ಅಂದ್ರೆ ಲುಮಿಯಾರ್ ಅನ್ನೋ ಕಡೆ ರಾಧಾಕೃಷ್ಣ ದೇವಸ್ಥಾನ ಇದೆ, ಮೊಜಾಂಬಿಕ್‌ನಿಂದ ಬಂದು ನೆಲೆಸಿದ ಗುಜರಾತಿಗಳು ಕಟ್ಟಿದ್ದು, ಕೊನೇ ದಿನಗಳಲ್ಲಿ ಒಂದು ಸಲ ಹೋಗಿ ಬನ್ನಿ, ಮಾತಾಡೋಕೆ ಜನ ಸಿಗ್ತಾರೆ, ಹಿಂದಿ ಗುಜರಾತಿ ನಿಮಗೆ ಮುಂಬೈಯಲ್ಲಿದ್ದು ಹೇಗೂ ಬರತ್ತೆ.

ಫಾದೊ ಅನ್ನೋ ಅಲ್ಲಿನ ಹಾಡು ಕೇಳೋದನ್ನ ಕೊನೇ ರಾತ್ರಿಗೆ ಇಡ್ಬೇಡಿ, ಅದಕ್ಕೂ ಹಿಂದಿನ ರಾತ್ರಿ. ಹಾಡೋವಾಗ ದೀಪ ಸಣ್ಣ ಮಾಡ್ತಾರೆ, ಯಾರೂ ಮಾತಾಡೋ ಹಾಗಿಲ್ಲ, ಚಮಚದ ಸದ್ದೂ ಇಲ್ಲ, ಒಬ್ಬರೇ ಕೂತು ಕೇಳೋಕೆ ಅದಕ್ಕಿಂತ ಒಳ್ಳೇ ಸಂಗೀತ ಇಲ್ಲ. 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ರಾತ್ರಿ ಲೇಟಾಗತ್ತೆ, ಮಾರನೇ ದಿನ ಹೊರಡೋದಿದ್ರೆ ತಲೆ ತುಂಬ ಬ್ಯಾಗಿನ ಚಿಂತೆ ಇರತ್ತೆ, ಹಾಡು ಕಿವಿಗೆ ಹೋಗಲ್ಲ.

ಮನೆ ಅಜ್ಜಿಗೆ ಏನಾದ್ರೂ ಕೊಡ್ಬೇಕಲ್ವಾ? ಪೇಡ, ಬರ್ಫಿ ಬೇಡ, ಯುರೋಪ್ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ, ಏರ್‌ಪೋರ್ಟಲ್ಲೇ ಕಿತ್ಕೊಳ್ತಾರೆ. ಹುರಿದ ಗೋಡಂಬಿಯ ಸೀಲ್ ಆದ ಪ್ಯಾಕೆಟ್ ತಗೊಂಡು ಹೋಗಿ. ಗೇರು ಗಿಡಾನ ಬ್ರೆಜಿಲ್‌ನಿಂದ ನಮ್ಮ ಕರಾವಳಿಗೆ ತಂದವರೇ ಪೋರ್ಚುಗೀಸರು, ಕುಂದಾಪುರದವರು ಅದನ್ನ ವಾಪಸ್ ಲಿಸ್ಬನ್‌ಗೆ ಕೊಡೋದು ಎಷ್ಟು ಚಂದ ನೋಡಿ. ಕೊಡೋದನ್ನ ಹೊರಡೋ ಗಡಿಬಿಡೀಲಿ ಕೊಡ್ಬೇಡಿ, ಎರಡು ದಿನ ಮುಂಚೆ ಕೂತು ಕೊಡಿ, ಆಗ ಅವರಿಗೆ ನಿಮ್ಮನ್ನ ಒಂದು ಊಟಕ್ಕೆ ಕರೆಯೋಕೆ ಟೈಮ್ ಇರತ್ತೆ.

ಹೊರಡೋ ದಿನ: ಮೆಟ್ರೋದ ಕೆಂಪು ಲೈನ್ ಸೀದಾ ಏರ್‌ಪೋರ್ಟ್ ಒಳಗೇ ಹೋಗತ್ತೆ. ದೊಡ್ಡ ಬಿಲ್ ಮೇಲೆ ಟ್ಯಾಕ್ಸ್ ವಾಪಸ್ ಬೇಕಂದ್ರೆ ಅಂಗಡೀಲಿ ಪಾಸ್‌ಪೋರ್ಟ್ ತೋರಿಸಿ ಆಗಲೇ ಟ್ಯಾಕ್ಸ್ ಫ್ರೀ ಕಾಗದ ಮಾಡಿಸ್ಕೊಂಡಿರ್ಬೇಕು, ಅದನ್ನ ಬ್ಯಾಗ್ ಚೆಕ್ ಇನ್‌ಗೆ ಕೊಡೋ ಮುಂಚೆ ಏರ್‌ಪೋರ್ಟಲ್ಲಿ ದಾಖಲು ಮಾಡಿಸ್ಬೇಕು, ಸಾಮಾನು ತೋರಿಸು ಅಂದ್ರೆ ತೋರಿಸೋ ಹಾಗಿರ್ಬೇಕು. 2025ರ ಅಕ್ಟೋಬರ್‌ನಿಂದ ಯುರೋಪ್ ಗಡಿಗಳಲ್ಲಿ ಬೆರಳಚ್ಚು, ಫೋಟೊ ತಗೊಳ್ಳೋ ಹೊಸ ವ್ಯವಸ್ಥೆ ಶುರುವಾಗಿದೆ, ಕ್ಯೂ ನಿಧಾನ, ಹಾಗಾಗಿ ಫ್ಲೈಟಿಗೆ ಮೂರು ಗಂಟೆ ಇರೋದಕ್ಕಿಂತ ಸ್ವಲ್ಪ ಮುಂಚೇನೇ ಹೋಗಿ. ಆಲಿವ್ ಎಣ್ಣೆ ಬಾಟ್ಲಿ ಕೈ ಬ್ಯಾಗಲ್ಲಿ ಬೇಡ, 100 ಮಿಲಿಗಿಂತ ದೊಡ್ಡದು ಬಿಡಲ್ಲ.

ಪ್ರಶ್ನೆ: ಠಾಣೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್. ಮಗಳಿಗೆ 24, ಒಬ್ಬಳೇ ಪ್ರಾಗ್‌ಗೆ ಹೋಗ್ತಿದಾಳೆ. ಹೋಗೋದು ಬೇಡ ಅನ್ನಲ್ಲ, ಆದ್ರೆ ಕೊನೇ ದಿನ ಪಾಸ್‌ಪೋರ್ಟ್ ಕಳೆದ್ರೆ? ಫ್ಲೈಟ್ ತಪ್ಪಿದ್ರೆ ವೀಸಾ ಮುಗಿದೋಗತ್ತಲ್ಲ? ಎರಡು ಗಂಟೆಗೊಮ್ಮೆ ಫೋನ್ ಮಾಡು ಅಂದಿದ್ದಕ್ಕೆ ಮನೇಲಿ ಜಗಳ ಆಗಿದೆ.

ಉತ್ತರ: ಅಣ್ಣಾ, ನಿಮ್ಮ ಭಯ ಅರ್ಥ ಆಗತ್ತೆ, ಎರಡು ಗಂಟೆಗೊಮ್ಮೆ ಫೋನ್ ಮಾತ್ರ ಬಿಡಿ. ಬೀದೀಲಿ ನಿಂತು ಫೋನಲ್ಲಿ ಮಾತಾಡ್ತಿರೋ ಹುಡುಗಿಯ ಬ್ಯಾಗ್ ಕಡೆ ಅವಳ ಗಮನ ಇರಲ್ಲ, ನಿಮ್ಮ ಫೋನೇ ಅಪಾಯ ತರಬಹುದು. ದಿನಕ್ಕೆ ಎರಡು ಹೊತ್ತು ಗೊತ್ತು ಮಾಡ್ಕೊಳ್ಳಿ, ಬೆಳಿಗ್ಗೆ ಹೊರಡೋವಾಗ, ರಾತ್ರಿ ರೂಮಿಗೆ ಬಂದ ಮೇಲೆ.

ಪಾಸ್‌ಪೋರ್ಟ್ ಕಳೆದ್ರೆ ದಾರಿ ಇದೆ. ಮೊದಲು ಅಲ್ಲಿನ ಪೊಲೀಸರ ಹತ್ರ ದೂರು ಕೊಟ್ಟು ಅದರ ಕಾಗದ ತಗೋಬೇಕು, ಅದನ್ನ ಹಿಡ್ಕೊಂಡು ಭಾರತದ ರಾಯಭಾರ ಕಚೇರಿಗೆ ಹೋಗ್ಬೇಕು, ಅಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಅಂತ ಕೊಡ್ತಾರೆ, ಅದು ಒಂದು ಸಲ ಭಾರತಕ್ಕೆ ವಾಪಸ್ ಬರೋಕೆ ಮಾತ್ರ. ಇಲ್ಲಿ ಬಂದ ಮೇಲೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ. ಮಧ್ಯದಲ್ಲಿ ಫ್ಲೈಟ್ ಬದಲಾಯಿಸೋ ದೇಶ ಆ ಕಾಗದ ಒಪ್ಪತ್ತಾ ಅಂತ ಏರ್‌ಲೈನ್ಸ್ ಹತ್ರ ಮೊದಲೇ ಕೇಳ್ಬೇಕು. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಇನ್ಶೂರೆನ್ಸ್ ಇಷ್ಟರದ್ದೂ ಒಂದೊಂದು ಜೆರಾಕ್ಸ್ ಬೇರೆ ಬ್ಯಾಗಲ್ಲಿ, ಒಂದು ಸೆಟ್ ನಿಮ್ಮ ಫೋನಲ್ಲಿ, ಜೊತೆಗೆ ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೊ. ಫೋಟೊ ಇಲ್ಲದೆ ಪರದಾಡಿದವರನ್ನ ನಾನು ನೋಡಿದೀನಿ. ಯುರೋಪಲ್ಲಿ ಎಲ್ಲಿದ್ರೂ ತುರ್ತು ನಂಬರ್ 112.

ವೀಸಾ ಬಗ್ಗೆ ಸರಿಯಾಗಿ ತಿಳ್ಕೊಳ್ಳಿ. ಸ್ಟಿಕ್ಕರ್ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರತ್ತೆ, ಕೆಳಗೆ ಎಷ್ಟು ದಿನ ಇರಬಹುದು ಅಂತ ಬೇರೆ ಇರತ್ತೆ. ತಾರೀಖುಗಳ ಮಧ್ಯೆ ಸಾಮಾನ್ಯವಾಗಿ ಹದಿನೈದು ದಿನ ಹೆಚ್ಚು ಕೊಟ್ಟಿರ್ತಾರೆ, ಅದನ್ನ ನೋಡಿ ಜನ ಇಷ್ಟೂ ದಿನ ಇರಬಹುದು ಅಂದ್ಕೊಳ್ತಾರೆ, ಹಾಗಲ್ಲ, ಲೆಕ್ಕಕ್ಕೆ ಬರೋದು ಆ ದಿನಗಳ ಸಂಖ್ಯೆ, ಇಳಿದ ದಿನ ಹೊರಡೋ ದಿನ ಎರಡೂ ಸೇರಿ. ಅರ್ಜಿ ಹಾಕುವಾಗಲೇ ಒಂದೆರಡು ದಿನ ಹೆಚ್ಚು ಕೇಳಿಕೊಂಡ್ರೆ ನಿಮಗೂ ನೆಮ್ಮದಿ. ಇನ್ಶೂರೆನ್ಸು ಹೇಗೂ 30,000 ಯೂರೊಗೆ ಕಮ್ಮಿ ಇಲ್ಲದ ಹಾಗೆ ಮಾಡಿಸ್ಲೇಬೇಕು, ಅದನ್ನೂ ವಾಪಸ್ ಬರೋ ದಿನದ ಮೇಲೆ ಎರಡು ದಿನ ಜಾಸ್ತಿ ಮಾಡಿಸಿ, ಅಂಥಾ ಖರ್ಚೇನಿಲ್ಲ. ಮಗಳ ಜೊತೆ ಮಾತಾಡಿ ರಾಜಿ ಮಾಡ್ಕೊಳ್ಳಿ, ಮುನಿಸ್ಕೊಂಡು ಹೋದ್ರೆ ನಿಜವಾಗಿ ತೊಂದ್ರೆ ಆದಾಗ ಅವಳು ಮೊದಲು ನಿಮಗೆ ಫೋನ್ ಮಾಡಲ್ಲ.

ಪ್ರಶ್ನೆ: ನಾ ಗೋವಾದ ವಾಸ್ಕೊದಾಗ ಇರ್ತೀನ್ರಿ, ಅಪ್ಪ ಅವ್ವ ಬಾಗಲಕೋಟಿ ಕಡೆಯಿಂದ ದುಡ್ಯಾಕ ಬಂದವ್ರು, ನಾ ಹುಟ್ಟಿದ್ದು ಇಲ್ಲೇ ಬೈನಾದಾಗ. ಹೋದ ವರ್ಷ ಉಳಿಸಿದ ರೊಕ್ಕದಾಗ ಒಬ್ಬನ ಕೊಲಂಬೊಕ್ಕ ಹೋಗಿದ್ದೆ. ಮೊದ್ಲ ಭಾಳ ಚೊಲೋ ಇತ್ರಿ, ಕೊನಿಗೆ ಎರಡ್ ದಿನ ರೂಮ್ ಬಿಟ್ಟು ಹೊರಗ ಹೋಗಾಕ ಮನಸ್ಸ ಆಗ್ಲಿಲ್ಲ, ಹಾಸಿಗಿ ಮ್ಯಾಲ ಬಿದ್ಕೊಂಡು ಮೊಬೈಲ್ ನೋಡಿದೆ, ಸುಮ್ಮಸುಮ್ಮನ ಅಳು ಬರ್ತಿತ್ತು. ಗೆಳ್ಯಾರು ರೊಕ್ಕ ದಂಡ ಮಾಡಿದಿ ಅಂತ ನಗ್ತಾರ. ಮತ್ತ ಹೋಗ್ಬೇಕು ಅನಸ್ತೈತಿ, ಮತ್ತ ಹಂಗ ಆದ್ರ ಏನ್ ಮಾಡ್ಲಿ?

ಉತ್ತರ: ತಮ್ಮಾ, ಪತ್ರ ಬರೆದಿದ್ದು ಬಾಳ ಒಳ್ಳೇದಾಯ್ತು. ರೊಕ್ಕ ಏನೂ ದಂಡ ಆಗಿಲ್ಲ, ಗೆಳ್ಯಾರು ಒಬ್ಬರೂ ಒಬ್ಬರೇ ಹೋಗಿರಲಿಕ್ಕಿಲ್ಲ, ಅದಕ್ಕೆ ನಗ್ತಾರೆ.

ಒಬ್ಬನೇ ಹೋದಾಗ ಬೆಳಗಿಂದ ರಾತ್ರಿವರೆಗೂ ಪ್ರತಿಯೊಂದೂ ನೀನೇ ನಿರ್ಧಾರ ಮಾಡ್ಬೇಕು, ಎಲ್ಲಿ ಉಣ್ಣೋದು, ಯಾವ ಬಸ್ಸು, ಯಾರನ್ನ ನಂಬೋದು, ಇಡೀ ದಿನ ಮನಸ್ಸು ಎಚ್ಚರವಾಗೇ ಇರತ್ತೆ. ಅದರ ಮೇಲೆ ನಿನ್ನ ಮಾತಲ್ಲಿ ಮಾತಾಡೋಕೆ ಯಾರೂ ಇಲ್ಲ. ಹೊಸತನ ಇರೋವರೆಗೂ ಇದು ಗೊತ್ತಾಗಲ್ಲ, ವಾಪಸ್ ಹೋಗೋ ದಿನ ಹತ್ರ ಬಂತು ಅಂದ ಕೂಡ್ಲೇ ಮೈ ಮನಸ್ಸು ಎರಡೂ ಒಮ್ಮೆಲೇ ಕೆಳಗೆ ಕೂತ್ಬಿಡ್ತವೆ. ಇನ್ನೊಂದೂ ಇರಬಹುದು, ನೀನೇ ಯೋಚನೆ ಮಾಡು: ಮನೇಲಿ ದುಡಿಯೋ ಮಗ ಆಗಿ, ಎಲ್ಲರ ಖರ್ಚು ನೋಡ್ಕೊಂಡು ಇದ್ದವನಿಗೆ ಮೊದಲ ಸಲ ಯಾರೂ ಏನೂ ಕೇಳದ ನಾಲ್ಕು ದಿನ ಸಿಕ್ಕಿದ್ವು, ಅವು ಮುಗೀತಾವೆ ಅಂದ್ರೆ ಅಳು ಬರೋದು ಸಹಜಾನೇ.

ಮುಂದಿನ ಸಲ ಹೀಗೆ ಮಾಡು. ಕೊನೇ ಎರಡು ದಿನಕ್ಕೆ ನೋಡೋ ಜಾಗ ಅಂತ ಏನೂ ಇಟ್ಕೋಬೇಡ, ಆದ್ರೆ ಹೊತ್ತು ಹೊತ್ತಿಗೆ ಹೊರಗೆ ಬರೋ ಎರಡು ಕಾರಣ ಇಟ್ಕೋ. ಬೆಳಿಗ್ಗೆ ಒಂದೇ ಚಹಾ ಅಂಗಡಿ, ಮೊದಲ ದಿನದಿಂದ ಅದೇ, ಅಲ್ಲಿ ನಿನ್ನ ಗುರ್ತು ಸಿಗ್ಬೇಕು. ಕೊಲಂಬೊಗೇ ಹೋದ್ರೆ ಸಂಜೆ ಅಲ್ಲಿನ ಗಾಲ್ ಫೇಸ್ ಮೈದಾನ. ಇಂಗ್ಲಿಷರ ಕಾಲದಲ್ಲಿ, 1859ರಲ್ಲಿ, ಜನ ಗಾಳಿ ತಗೊಳ್ಳೋಕೆ ಅಂತಾನೇ ಸಮುದ್ರದ ದಂಡೆಗೆ ಮಾಡಿದ ಜಾಗ ಅದು, ಇವತ್ತಿಗೂ ಸಂಜೆ ಆದ್ರೆ ಊರಿಗೆ ಊರೇ ಅಲ್ಲಿರತ್ತೆ, ಹುಡುಗ್ರು ಗಾಳಿಪಟ ಹಾರಿಸ್ತಾರೆ, ಸಿಗಡಿ ಇಟ್ಟು ಕರಿದ ಇಸ್ಸೊ ವಡೆ ಮಾರ್ತಾರೆ. ಅಲ್ಲಿ ಒಬ್ಬನೇ ಕೂತ್ರೂ ಒಬ್ಬನೇ ಅನಿಸಲ್ಲ. ಅರ್ಧ ಗಂಟೆ ಕೂತು ರೂಮಿಗೆ ಬಂದು ಮಲಗು, ಮಲಗಿದ್ದಕ್ಕೆ ಬೇಜಾರು ಮಾಡ್ಕೋಬೇಡ, ದಣಿದವನು ಮಲಗ್ಬೇಕು. ಮೊಬೈಲ್ ಮಾತ್ರ ಹಾಸಿಗೆಗೆ ತಗೊಂಡು ಹೋಗ್ಬೇಡ. ಅವ್ವಗೆ ಒಂದು ಫೋನ್ ಮಾಡು, ಎಲ್ಲಾ ಛಲೋ ಐತಿ ಅಂತ ಸುಳ್ಳು ಹೇಳೋಕಲ್ಲ, ಸ್ವಲ್ಪ ಬೇಸರ ಆಗೈತಿ ಬೇ ಅಂತ ಹೇಳೋಕೆ.

ಒಂದು ವಿಷಯ ನೀನು ಬರೆದಿಲ್ಲ. ಆ ಅಳು, ಆ ಬೇಸರ ವಾಸ್ಕೊಗೆ ಬಂದ ಮೇಲೆ ಹೋಯ್ತಾ? ಹೋಗಿದ್ರೆ ಚಿಂತೆ ಬೇಡ. ವಾರಗಟ್ಟಲೆ ಉಳಿದಿದ್ರೆ, ನಿದ್ದೆ ಊಟ ಸೇರದ ಹಾಗಿದ್ರೆ, ಡಾಕ್ಟರ್ ಹತ್ರ ಮಾತಾಡ್ಬೇಕು. ಸರಕಾರದ ಟೆಲಿ ಮಾನಸ್ ಅಂತ ಸಹಾಯವಾಣಿ ಇದೆ, ನಂಬರ್ 14416, ಪುಕ್ಕಟೆ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೆ ಬೇಡ ತಮ್ಮಾ. ನನಗೆ ಇನ್ನೊಂದು ಪತ್ರ ಬರಿ, ಹೇಗಿದೀಯ ಅಂತ.

ಪ್ರಶ್ನೆ: ಪುಣೆ ಹಿಂಜವಡಿಯಲ್ಲಿ ಐಟಿ ಕೆಲಸ. ಕಂಪನಿ ಕೆಲಸದ ಮೇಲೆ ಟೋಕಿಯೋಗೆ ಹೋಗ್ತಿದೀನಿ, ಕೊನೇ ಎರಡು ದಿನ ನಂದೇ. ಹೊರಡೋ ದಿನ ಬೆಳಿಗ್ಗೆ ಹೋಟೆಲ್ ಖಾಲಿ ಮಾಡ್ಬೇಕು, ನರಿತಾದಿಂದ ಫ್ಲೈಟು ಸಂಜೆ. ಎರಡು ದೊಡ್ಡ ಬ್ಯಾಗ್ ಇಟ್ಕೊಂಡು ಒಬ್ಬನೇ ಏನ್ ಮಾಡೋದು? ಮಿಕ್ಕಿದ ಯೆನ್ ಏನ್ ಮಾಡ್ಲಿ?

ಉತ್ತರ: ಜಪಾನಲ್ಲಿ ಬ್ಯಾಗಿನ ಚಿಂತೆ ಕಮ್ಮಿ. ತಕ್ಯುಬಿನ್ ಅಂತ ಸಾಮಾನು ಕಳಿಸೋ ಸೇವೆ ಇದೆ, ಹೋಟೆಲ್ ಕೌಂಟರಲ್ಲೇ ಕೊಟ್ರೆ ದೊಡ್ಡ ಬ್ಯಾಗು ಸೀದಾ ಏರ್‌ಪೋರ್ಟಿಗೆ ಹೋಗತ್ತೆ, ಆದ್ರೆ ಅದೇ ದಿನ ಅಲ್ಲ, ಒಂದೆರಡು ದಿನ ಮುಂಚೆ ಕೊಡ್ಬೇಕು, ಹಾಗಾಗಿ ನಿಮ್ಮ ಎರಡು ದಿನ ಶುರುವಾಗೋ ಬೆಳಿಗ್ಗೇನೇ ವಿಚಾರಿಸಿ. ಪಾಸ್‌ಪೋರ್ಟ್, ಲ್ಯಾಪ್‌ಟಾಪು, ಒಂದು ಜೊತೆ ಬಟ್ಟೆ ಕೈಯಲ್ಲೇ ಇಟ್ಕೊಳ್ಳಿ. ಇಲ್ಲಾಂದ್ರೆ ಹೋಟೆಲ್‌ನಲ್ಲೇ ಇಟ್ಟು ಹೋಗಬಹುದು, ಸ್ಟೇಷನ್‌ಗಳಲ್ಲಿ ಲಾಕರೂ ಇವೆ, ದೊಡ್ಡ ಸೈಜಿನವು ಮಾತ್ರ ಬೆಳಿಗ್ಗೆನೇ ತುಂಬೋಗ್ತವೆ.

ದುಡ್ಡಿನ ವಿಷಯ: ನಾಣ್ಯನ ಇಲ್ಲಿ ಯಾರೂ ಬದಲಾಯಿಸ್ಕೊಡಲ್ಲ, 500 ಯೆನ್ ಕೂಡ ಅಲ್ಲಿ ನಾಣ್ಯಾನೇ, ನಾಲ್ಕು ಉಳಿದ್ರೆ ನಮ್ಮ ಸಾವಿರ ರೂಪಾಯಿ ಮೇಲೆ ಆಯ್ತು. ಕೊನೇ ದಿನ ಎಲ್ಲಾ ನಾಣ್ಯದಲ್ಲೇ ಕೊಡಿ. ಪ್ರವಾಸಿಗರ ವೆಲ್‌ಕಮ್ ಸುಯಿಕಾ ಕಾರ್ಡ್ ತಗೊಂಡಿದ್ರೆ ಅದು 28 ದಿನ ಮಾತ್ರ, ಮಿಕ್ಕಿದ ದುಡ್ಡು ವಾಪಸ್ ಬರಲ್ಲ, ಅಂಗಡೀಲಿ ಅದರಲ್ಲೇ ಏನಾದ್ರೂ ತಗೊಂಡು ಮುಗಿಸಿ. ನೋಟು ಉಳಿದ್ರೆ ತೊಂದ್ರೆ ಇಲ್ಲ, 2,000 ಡಾಲರ್ ಬೆಲೆಯವರೆಗೂ ವಿದೇಶಿ ನೋಟು ಮನೇಲಿ ಇಟ್ಕೊಳ್ಳೋಕೆ ನಮ್ಮ ರಿಸರ್ವ್ ಬ್ಯಾಂಕ್ ಬಿಡತ್ತೆ, ಅದಕ್ಕಿಂತ ಜಾಸ್ತಿ ಇದ್ರೆ 180 ದಿನದೊಳಗೆ ಬ್ಯಾಂಕಿಗೆ ಕೊಡ್ಬೇಕು.

ಮಾಂಸ ತಿಂತೀರಾದ್ರೆ ಶಿಂಜುಕುವಿನ ನಕಮುರಾಯಾದಲ್ಲಿ ಒಂದು ಊಟ ಮಾಡಿ. ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್‌ಗೆ ಬ್ರಿಟಿಷರಿಂದ ತಪ್ಪಿಸ್ಕೊಂಡು ಬಂದಾಗ ಆಶ್ರಯ ಕೊಟ್ಟ ಮನೆಯವರದ್ದು, ಅವರ ಮಗಳನ್ನೇ ಆತ ಮದುವೆ ಆದರು, 1927ರಿಂದ ಅಲ್ಲಿ ಭಾರತದ ಕೋಳಿ ಸಾರು ಮಾಡ್ತಿದಾರೆ. ಅದೂ ಹೊರಡೋ ದಿನ ಬೇಡ, ಹಿಂದಿನ ದಿನ. ನರಿತಾ ಟೋಕಿಯೋದೊಳಗೆ ಇಲ್ಲ, ಅರವತ್ತು ಕಿಲೋಮೀಟರ್ ಆಚೆ, ಸಂಜೆ ಫ್ಲೈಟ್ ಅಂದ್ರೆ ಮಧ್ಯಾಹ್ನದ ಊಟ ಏರ್‌ಪೋರ್ಟಲ್ಲೇ ಅಂತ ಇಟ್ಕೊಂಡು ಹೊರಟ್ಬಿಡಿ.